‘ವಿಸ್‌ಕುಂದ’: ಒಂದು ಸಮಾಸಪದದ ನಡೆ

ಗಣಿತಶಾಸ್ತ್ರವನ್ನು ಹೆಸರಿಸುವಾಗ ಯುರೋಪಿನ ಬಹುಪಾಲು ಭಾಷೆಗಳು ಗ್ರೀಕ್ ಮೂಲದ ‘ಮ್ಯಾಥಮ್ಯಾಟಿಕ್ಸ್’ ಬಗೆಯ ಪದವನ್ನೇ ಇರಿಸಿಕೊಂಡಿವೆ. ಡಚ್ ಭಾಷೆ ಹಿಡಿದ ದಾರಿ ಬೇರೆ. ಅಲ್ಲಿ ಶಾಲೆಯ ಮಗುವೂ ವಿದ್ವಾಂಸನೂ ಸಮಾನವಾಗಿ ಆಡುವ ಮಾತು ‘ವಿಸ್‌ಕುಂದ’. ‘ವಿಸ್’ ಎಂದರೆ ನಿಶ್ಚಿತ. ‘ಕುಂದ’ ಎಂದರೆ ಅರಿವು. ನಮ್ಮ ವೈಯಾಕರಣರ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಕರ್ಮಧಾರಯ: ನಿಶ್ಚಿತವಾದ ಅರಿವು.

ಪದದ ಹಿಂದಿರುವವನು ಬ್ರೂಜ್ ನಗರದಲ್ಲಿ ಹುಟ್ಟಿದ ಸಿಮೋನ್ ಸ್ಟೆವಿನ್ (1548–1620). ಅವನು ಬಳಸಿದ ರೂಪ ‘ವಿಸ್‌ಕೊನ್‌ಸ್ತ್’, ಅಂದರೆ ನಿಶ್ಚಿತದ ಕಲೆ. ಉತ್ತರಪದವು ಮುಂದೆ ‘ಕುಂದ’ವಾಗಿ ಬದಲಾಯಿತು. 1586ರಲ್ಲಿ ಪ್ರಕಟವಾದ ತನ್ನ ತೂಕಶಾಸ್ತ್ರದ ಗ್ರಂಥಕ್ಕೆ ಅವನು ಡಚ್ ಭಾಷೆಯ ಘನತೆಯನ್ನು ಕುರಿತ ಪೀಠಿಕೆಯೊಂದನ್ನು ಸೇರಿಸಿದ. ಏಕಾಕ್ಷರ ಪದಗಳ ಸಮೃದ್ಧಿ ಹಾಗೂ ಅವುಗಳನ್ನು ಸಮಾಸಗೊಳಿಸುವ ಸೌಲಭ್ಯಗಳಿಂದಾಗಿ ಶಾಸ್ತ್ರಕ್ಕೆ ತನ್ನ ಭಾಷೆಯೇ ಅತ್ಯಂತ ಯೋಗ್ಯವೆಂಬುದು ಅವನ ವಾದ. ಭಾಷೆಗಳನ್ನು ಹೀಗೆ ಮೇಲುಕೀಳಾಗಿ ಅಳೆಯುವುದನ್ನು ಇಂದಿನ ಭಾಷಾವಿಜ್ಞಾನ ಒಪ್ಪದು. ಆದರೆ ವಾದ ಬಿದ್ದರೂ ಪದ ನಿಂತಿತು.

ಅದು ನಿಂತದ್ದಕ್ಕೆ ಬಳಕೆಯ ನೆಲೆಯೂ ಒದಗಿತ್ತು. 1600ರಲ್ಲಿ ರಾಜಕುಮಾರ ಮೌರಿತ್ಸನ ಇಚ್ಛೆಯಂತೆ ಲೈಡನ್‌ನಲ್ಲಿ ಎಂಜಿನಿಯರುಗಳಿಗೂ ಭೂಮಾಪಕರಿಗೂ ಡಚ್‌ನಲ್ಲಿಯೇ ಗಣಿತ ಕಲಿಸುವ ಶಾಲೆ ತೆರೆಯಿತು. ಅದರ ಪಾಠಕ್ರಮವನ್ನು ರೂಪಿಸಿದವನು ಸ್ಟೆವಿನ್. ಲ್ಯಾಟಿನ್ ಬಾರದವನಿಗೂ ನಿಶ್ಚಿತವಾದ ಅರಿವು ಸಲ್ಲಬೇಕೆಂಬ ಆಶಯ ಅಲ್ಲಿ ಕೆಲಸವಾಯಿತು. ಆದರೂ ಅವನ ಗಣಿತ ಬರಹಗಳ ಸಂಪುಟಗಳು 1605–1608ರಲ್ಲಿ ಹೊರಬಂದಾಗ, ಯುರೋಪಿನ ಪಂಡಿತವಲಯವನ್ನು ಮುಟ್ಟಲು ಸ್ನೆಲಿಯಸ್‌ನ ಲ್ಯಾಟಿನ್ ಅನುವಾದವೂ ಜೊತೆಗೇ ಬೇಕಾಯಿತು. ದೇಶಭಾಷೆಯ ಶಾಸ್ತ್ರಕಾರನಿಗೆ ಈ ಇಬ್ಬಂದಿ ತಪ್ಪಿದ್ದಲ್ಲ.

ಅವನ ಪದಗಳೆಲ್ಲವೂ ಉಳಿಯಲಿಲ್ಲ. ಸಮಾಂತರವನ್ನು ಸೂಚಿಸುವ ‘ಏವನ್‌ವೈದಿಖ್’ ಇಂದಿಗೂ ಬಳಕೆಯಲ್ಲಿದೆ. ಸಿದ್ಧಾಂತವೆಂಬ ಅರ್ಥದಲ್ಲಿ ಅವನು ಬಳಸಿದ ‘ಸ್ಪೀಗೆಲಿಂಗ್’ ಆ ಅರ್ಥದಲ್ಲಿ ನೆಲೆಗೊಳ್ಳಲಿಲ್ಲ. ಪದವನ್ನು ಕಟ್ಟುವವನು ಒಬ್ಬ, ಉಳಿಸುವವರು ಹಲವರು.

ವ್ಯುತ್ಪತ್ತಿಯನ್ನು ಇನ್ನೂ ಹಿಂದಕ್ಕೆ ಒಯ್ದರೆ ಮತ್ತೊಂದು ಸಂಗತಿ ಗೋಚರಿಸುತ್ತದೆ. ‘ವಿಸ್’ ಮೂಲದಲ್ಲಿ ‘ತಿಳಿದದ್ದು’. ಅದು ಸಂಸ್ಕೃತದ ‘ವಿದ್’ ಧಾತುವಿನ ಜ್ಞಾತಿ. ‘ಕುಂದ’ವಾದರೋ ‘ಜ್ಞಾ’ ಧಾತುವಿನ ಜ್ಞಾತಿ. ಕನ್ನಡದಲ್ಲಿ ತತ್ಸಮಗಳಾಗಿ ನೆಲೆಸಿರುವ ‘ವಿದ್ಯೆ’, ‘ಜ್ಞಾನ’ಗಳೆರಡರ ಬಂಧುಗಳೂ ಈ ಒಂದೇ ಪದದಲ್ಲಿ ಕೂಡಿವೆ. ಅಪ್ಪಟ ದೇಸಿಯೆಂದು ಸ್ಟೆವಿನ್ ಎತ್ತಿಹಿಡಿದ ಪದದ ಬೇರುಗಳು ಅವನ ನಾಡಿನ ಎಲ್ಲೆಯನ್ನು ಎಂದೋ ದಾಟಿದ್ದವು.