ಮೂವತ್ತು ಗ್ರಾಂ

ನಾನೂರು ಗ್ರಾಂ ತೂಗುವ ಬ್ರೆಡ್ ಬೇಕಿದ್ದರೆ ಹಿಟ್ಟಿನ ಮುದ್ದೆ ಸುಮಾರು 460 ಗ್ರಾಂ ಇರಬೇಕು. ಉಳಿದದ್ದು ಭಟ್ಟಿಯಲ್ಲಿ ಆವಿಯಾಗಿ ಹೋಗುತ್ತದೆ. ಮಂಗಳೂರಿನ ನಮ್ಮ ಸಣ್ಣ ಬೇಕರಿಯಲ್ಲಿ ಈ ಲೆಕ್ಕ ಕಲಿಸಿದವರು ಅಪ್ಪ. ಬೆಳಗಿನ ಜಾವ ಮೂರಕ್ಕೆ ಎದ್ದು, ಚಿಕ್ಕದೊಂದು ಪ್ರಾರ್ಥನೆ ಮಾಡಿ, ಮುದ್ದೆಗಳನ್ನು ಕಡಿದು ತೂಗುವ ಕೆಲಸವನ್ನು ಅವರು ಕೊನೆಯವರೆಗೂ ಇನ್ನೊಬ್ಬರಿಗೆ ಬಿಟ್ಟುಕೊಡಲಿಲ್ಲ. ಅವರ ನಂತರ ತಕ್ಕಡಿಯ ಮುಂದೆ ನಾನು ನಿಂತೆ.

ನಮ್ಮದು ಬಾಸೆಲ್ ಮಿಶನ್ನಿನ ಕಾಲದಿಂದ ಬಂದ ಕುಟುಂಬ. 1834ರಲ್ಲಿ ಮಂಗಳೂರಿಗೆ ಬಂದ ಮಿಶನರಿಗಳು ಶಾಲೆ, ಅಚ್ಚುಕೂಟಗಳ ಜೊತೆಗೆ ನೇಯ್ಗೆಯನ್ನೂ ಹೆಂಚಿನ ಕಾರ್ಖಾನೆಯನ್ನೂ ಯಾಕೆ ಶುರುಮಾಡಿದರು ಎಂದು ಚಿಕ್ಕವನಿದ್ದಾಗ ಕೇಳಿದ್ದೆ. ದೀಕ್ಷಾಸ್ನಾನ ಪಡೆದವರಿಗೆ ಅದರ ಜೊತೆಗೇ ಮನೆಯೂ ಕಸುಬೂ ತಪ್ಪಿಹೋಗುತ್ತಿತ್ತು. ಅನ್ನಕ್ಕೊಂದು ದಾರಿ ಬೇಕಿತ್ತು ಎಂದು ಅಪ್ಪ ಹೇಳಿದ್ದರು. 1865ರಲ್ಲಿ ಪ್ಲೆಬ್ಸ್ಟ್ ಎಂಬ ಮಿಶನರಿ ನೇತ್ರಾವತಿಯ ದಂಡೆಯ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ನನ್ನ ಮುತ್ತಜ್ಜ ಅಲ್ಲಿ ಸುಟ್ಟ ಹೆಂಚನ್ನು ಬೆರಳಿನಿಂದ ತಟ್ಟಿ ನೋಡುವ ಕೆಲಸದಲ್ಲಿದ್ದರಂತೆ. ಚೆನ್ನಾಗಿ ಬೆಂದ ಹೆಂಚು ಟಣ್ ಎನ್ನುತ್ತದೆ, ಬೇಯದ್ದು ಮಂಕಾಗಿ ಸದ್ದು ಮಾಡುತ್ತದೆ. ಕೊಂಡವನಿಗೆ ಅದು ಗೊತ್ತಾಗುವುದು ಆಟಿಯ ಮಳೆಯಲ್ಲಿ, ಮನೆ ಸೋರಿದಾಗ. ಮೊದಲ ಮಹಾಯುದ್ಧ ಬಂದು ಬ್ರಿಟಿಷ್ ಸರ್ಕಾರ ಆ ಉದ್ಯಮಗಳನ್ನೆಲ್ಲ ವಶಕ್ಕೆ ತೆಗೆದುಕೊಂಡಿತು, ಧಣಿಗಳು ಬದಲಾದರು. ಮುತ್ತಜ್ಜ ಮಾತ್ರ ಹೆಂಚು ತಟ್ಟುವುದನ್ನು ಬಿಡಲಿಲ್ಲ ಎಂಬುದು ನಮ್ಮ ಮನೆಯ ಹೆಮ್ಮೆಯ ಕತೆ.

ದೇವರ ಕರೆ ಸನ್ಯಾಸಿಗೂ ಪಾದ್ರಿಗೂ ಮಾತ್ರ ಬರುವುದಲ್ಲ, ದಿನದ ಕೆಲಸ ಮಾಡುವವನಿಗೂ ಬರುತ್ತದೆ ಎಂದು ಲೂಥರ್ ಹದಿನಾರನೆಯ ಶತಮಾನದಲ್ಲಿ ವಾದಿಸಿದ್ದ. ಅಪ್ಪ ಲೂಥರನನ್ನು ಓದಿದವರಲ್ಲ. ಆದರೆ ‘ಕರೆ’ ಎಂಬ ಪದವನ್ನು ಅವರು ಬಳಸುತ್ತಿದ್ದದ್ದು ಬೇಕರಿಗೇ.

ಇಷ್ಟೆಲ್ಲ ಹೇಳಿದ್ದು, ನಾನು ಮಾಡಿದ್ದು ಏನು ಎಂದು ನಿಮಗೆ ಸರಿಯಾಗಿ ಗೊತ್ತಾಗಲಿ ಎಂದು.

2020ರ ಲಾಕ್‌ಡೌನಿನ ಸಾಲ ಇನ್ನೂ ತೀರಿರಲಿಲ್ಲ. 2022ರ ಫೆಬ್ರವರಿ ಕೊನೆಯಲ್ಲಿ ಉಕ್ರೇನಿನ ಯುದ್ಧ ಶುರುವಾಯಿತು. ಎಣ್ಣೆ, ಡಾಲ್ಡಾ, ಮೈದಾ ಒಂದಾದ ಮೇಲೊಂದು ಏರಿದವು. ಬೆಲೆ ಏರಿಸೋಣವೆಂದರೆ ಹಳೆಯ ಬೆಲೆಯನ್ನೂ 400 ಗ್ರಾಂ ಎಂಬುದನ್ನೂ ಅಚ್ಚು ಹಾಕಿದ ಕವರುಗಳು ರಾಶಿ ಬಿದ್ದಿದ್ದವು. ಹೊಸತನ್ನು ಅಚ್ಚು ಹಾಕಿಸಲು ಕೈಯಲ್ಲಿ ಕಾಸಿರಲಿಲ್ಲ. ಮಾರ್ಚ್ 28ರ ಸೋಮವಾರ ಬೆಳಗಿನ ಜಾವ, ಪ್ರಾರ್ಥನೆ ಮುಗಿಸಿಯೇ, ಮುದ್ದೆಯನ್ನು 430ಕ್ಕೆ ಕಡಿದೆ.

ದಿನಕ್ಕೆ ಮುನ್ನೂರು ಬ್ರೆಡ್ಡು, ತಲಾ ಮೂವತ್ತು ಗ್ರಾಂ. ಉಳಿದದ್ದು ದಿನಕ್ಕೆ ಹೆಚ್ಚೆಂದರೆ 250 ರೂಪಾಯಿ. ನನ್ನ ಬೆಲೆ ಅಷ್ಟೇ ಎಂದು ಆಗ ಹೊಳೆಯಲಿಲ್ಲ. ‘ಪರಿಸ್ಥಿತಿ ಸುಧಾರಿಸುವವರೆಗೆ’ ಎಂದುಕೊಂಡೆ. ಹಸಿದವರ ಮಕ್ಕಳಿಂದ ಕಸಿಯುತ್ತಿಲ್ಲ, ನಾಲ್ಕು ಜನ ಕೆಲಸಗಾರರ ಸಂಬಳ ಉಳಿಸುತ್ತಿದ್ದೇನೆ ಎಂದುಕೊಂಡೆ. ಒಳ್ಳೆಯ ಕಾರಣಗಳಿಗೆ ಬರಗಾಲ ಇರುವುದಿಲ್ಲ.

ಭಟ್ಟಿ ನೋಡಿಕೊಳ್ಳುವವರು ಅಪ್ಪನ ಕಾಲದಿಂದ ಇರುವವರು, ನಾನು ಅಣ್ಣ ಎಂದೇ ಕರೆಯುವುದು. ಕಟೀಲಮ್ಮನ ಭಕ್ತರು. ಎರಡನೆಯ ವಾರ ಅವರು ಕೇಳಿದರು:

“ಯೀಸ್ಟು ಹಳೆಯದಾ ಧಣಿ? ಬ್ರೆಡ್ಡು ಟಿನ್ನಿನ ಅಂಚಿಗೆ ಬರುವುದೇ ಇಲ್ಲ.”

“ಹೊಸತೇ.”

“ಹಾಗಾದರೆ ತಕ್ಕಡಿ ಹಾಳಾಗಿರಬೇಕು.”

ಅವರು ತಕ್ಕಡಿಯ ತಟ್ಟೆಯನ್ನು ಒರೆಸಿ, ಒಂದು ಕಿಲೋದ ಕಲ್ಲು ಇಟ್ಟು ನೋಡಿದರು. ಸರಿಯಾಗಿ ಒಂದು ಕಿಲೋ ತೋರಿಸಿತು. ಕಲ್ಲನ್ನು ತೆಗೆದಿಟ್ಟು ಭಟ್ಟಿಯ ಕಡೆ ಹೋದರು. ಯೀಸ್ಟನ್ನು ಅನುಮಾನಿಸಿದರು, ತಕ್ಕಡಿಯನ್ನು ಅನುಮಾನಿಸಿದರು, ನನ್ನನ್ನು ಕೇಳಲಿಲ್ಲ.

ಅವು ಲೆಂಟ್ ದಿನಗಳು. ಸಂಜೆಯ ಮನೆಪ್ರಾರ್ಥನೆಯಲ್ಲಿ ಅಮ್ಮ ಸತ್ಯವೇದವನ್ನು ಸಾಲಾಗಿ ಓದುತ್ತಾ ಹೋಗುತ್ತಾರೆ. ಆ ವಾರ ಆಮೋಸನ ಗ್ರಂಥ ಬಂದಿತ್ತು. ಸಬ್ಬತ್ತು ಯಾವಾಗ ಮುಗಿಯುತ್ತದೆ, ಗೋಧಿ ಮಾರಲು ಯಾವಾಗ ಕೂರುತ್ತೇವೆ ಎಂದು ಕಾಯುತ್ತಾ, ಅಳತೆಯನ್ನು ಕಿರಿದು ಮಾಡುವ ವರ್ತಕರನ್ನು ಅವನು ಬೈಯುತ್ತಾನೆ. ಎಷ್ಟೋ ಸಲ ಕೇಳಿದ ಭಾಗ. ಅವತ್ತು ಮೊದಲ ಸಲ ನನಗೆ ಒಂದು ಸಂಗತಿ ಕಂಡಿತು: ಆ ವರ್ತಕರೂ ಸಬ್ಬತ್ತಿನ ದಿನ ಅಂಗಡಿ ಮುಚ್ಚಿದ್ದರು. ಮೂರು ತಲೆಮಾರಿನಿಂದ ನಮ್ಮ ಬೇಕರಿಗೆ ಭಾನುವಾರ ರಜೆ. ಎಂಥ ಕಷ್ಟ ಬಂದರೂ ಬಾಗಿಲು ತೆರೆಯಲಿಲ್ಲ ಎಂಬುದನ್ನೇ ನನ್ನ ನಂಬಿಕೆಯ ಸಾಕ್ಷಿ ಎಂದು ತಿಳಿದಿದ್ದೆ. ಮುಚ್ಚಿದ ಬಾಗಿಲು ಸುಲಭ, ಊರಿಗೆಲ್ಲ ಕಾಣುತ್ತದೆ. ಬೆಳಗಿನ ಜಾವ ಮೂರರ ತಕ್ಕಡಿಯನ್ನು ಯಾರು ನೋಡುತ್ತಾರೆ?

ಆದರೂ ಮರುದಿನ 430ಕ್ಕೇ ಕಡಿದೆ. ಕೇಳಿದ ಕೂಡಲೇ ಬದಲಾದೆ ಎಂದರೆ ಸುಳ್ಳಾದೀತು.

ಏಪ್ರಿಲ್ 14, ಶುಭ ಶುಕ್ರವಾರದ ಹಿಂದಿನ ರಾತ್ರಿ, ನಮ್ಮ ಸಭೆಯಲ್ಲಿ ಕರ್ತನ ಭೋಜನವಿತ್ತು. ಅದಕ್ಕೆ ಬ್ರೆಡ್ ಹೋಗುವುದು ಅಪ್ಪನ ಕಾಲದಿಂದಲೂ ನಮ್ಮ ಬೇಕರಿಯಿಂದ. ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ನನ್ನ ಬ್ರೆಡ್ಡನ್ನು ಅಯ್ಯನವರು ಎತ್ತಿ ಹಿಡಿದು ಮುರಿದರು. ಅದು ಎಷ್ಟು ತೂಗುತ್ತದೆಂದು ಅಲ್ಲಿ ನನ್ನೊಬ್ಬನಿಗೆ ಗೊತ್ತಿತ್ತು. ತುಂಡು ಕೈಗೆ ಬಂದಾಗ ತಿನ್ನಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ. ತಿಂದೆ.

ಶನಿವಾರ ಬೆಳಗಿನ ಜಾವ ಅಣ್ಣನಿಗೆ ಹೇಳಿದೆ, “ತಕ್ಕಡಿ ಸರಿಯೇ ಇತ್ತು. ನಾನೇ ಮೂವತ್ತು ಗ್ರಾಂ ಕಡಿಮೆ ಕಡಿಯುತ್ತಿದ್ದೆ.”

ಅವರು ಟಿನ್ನಿಗೆ ಎಣ್ಣೆ ಸವರುತ್ತಿದ್ದರು. ತಲೆ ಎತ್ತಲಿಲ್ಲ. “ಇವತ್ತಿಗೆ ಎಷ್ಟು ಧಣಿ?” ಎಂದರು.

ಭಾನುವಾರಗಳನ್ನೂ ಶುಕ್ರವಾರವನ್ನೂ ಬಿಟ್ಟು ನಾನು ಕಡಿಮೆ ತೂಗಿದ್ದು 16 ದಿನ. ಸುಂಕದವನಾದ ಜಕ್ಕಾಯ ಅನ್ಯಾಯವಾಗಿ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂತಿರುಗಿಸುವೆ ಎಂದನಲ್ಲ, ಅವನಿಗೆ ತನ್ನ ಸಾಲಗಾರರು ಯಾರೆಂದು ಗೊತ್ತಿತ್ತು. ನನ್ನ ಬ್ರೆಡ್ ತಿಂದವರು ಯಾರೆಂದು ನನಗೆ ಹೇಗೆ ಗೊತ್ತು? “490” ಎಂದೆ. 16 ದಿನ ಹಾಗೆಯೇ ಕಡಿದೆ. ನಾಲ್ಕರಷ್ಟು ಕೊಡುವ ಶಕ್ತಿ ನನಗಿರಲಿಲ್ಲ.

ಆಮೇಲೆ ಹೆಂಡತಿಯ ಬಳೆ ಅಡವಿಟ್ಟು ಹೊಸ ಕವರು ಅಚ್ಚು ಹಾಕಿಸಿದೆವು. ತೂಕ ಅದೇ 400, ಬೆಲೆ ಐದು ರೂಪಾಯಿ ಹೆಚ್ಚು. ಹಳೆಯ ಕವರು ಗುಜರಿಗೆ ಹೋಯಿತು. ನಾಲ್ಕು ಅಂಗಡಿಗಳು ನಮ್ಮ ಬ್ರೆಡ್ ನಿಲ್ಲಿಸಿದವು, ಅವುಗಳಲ್ಲಿ ಎರಡು ಮತ್ತೆ ಬರಲೇ ಇಲ್ಲ. ಪ್ರಾಮಾಣಿಕನಾದ ಮೇಲೆ ದೇವರು ವ್ಯಾಪಾರವನ್ನು ಹೆಚ್ಚಿಸಿದ ಎಂದು ಬರೆಯಲು ನನಗೂ ಆಸೆ. ಹಾಗೇನೂ ಆಗಲಿಲ್ಲ. ಬಳೆ ಬಿಡಿಸಿಕೊಳ್ಳಲು ಎರಡು ವರ್ಷ ಬೇಕಾಯಿತು. ಮುತ್ತಜ್ಜನ ಕತೆಯನ್ನು ಈಗ ನಾನು ಮಕ್ಕಳಿಗೆ ಹೇಳುವಾಗ, ಅದರ ಜೊತೆಗೆ ನನ್ನದನ್ನೂ ಹೇಳುತ್ತೇನೆ.

ಆ 16 ದಿನ ಬ್ರೆಡ್ಡು ಟಿನ್ನಿನ ಅಂಚು ದಾಟಿ ಉಬ್ಬಿ ಬರುತ್ತಿತ್ತು. ಗಿರಾಕಿಗಳು ಯಾರೂ ಗಮನಿಸಲಿಲ್ಲ. ಕಡಿಮೆ ಮಾಡಿದಾಗಲೂ ಗಮನಿಸಿರಲಿಲ್ಲ.