ರೋಗಿಯ ಬಳಿ ಹುಟ್ಟುವ ವಿದ್ಯೆ

ತುರೋರಿಯ ಕನ್ನಡ ಮನೆಮಾತಿನ ಮುದುಕಿ ಉಮರ್ಗಾದ ಆಸ್ಪತ್ರೆಗೆ ಹೋದರೆ ಅಲ್ಲಿಯ ಮಾತು ಮರಾಠಿ, ಔಷಧದ ಮೇಲಿನ ಬರಹ ಇಂಗ್ಲಿಷು. ಉರಿ, ಸೆಳೆತ, ಚಳುಕು, ಜೋಮು ಎಂದು ಆಕೆ ವಿಂಗಡಿಸಿ ಹೇಳಿದ ಸಂಕಟ ಕಾಗದದಲ್ಲಿ ಬರಿಯ ನೋವಾಗಿ ಉಳಿದೀತು. ಈ ಕೊರತೆಯನ್ನು ಹತ್ತಿರದಿಂದ ಕಾಣುವವಳು ಶುಶ್ರೂಷಕಿ. ಕಂಡದ್ದನ್ನು ಪ್ರಶ್ನೆಯಾಗಿಸಿ, ಅಳೆದು, ಆರೈಕೆಯ ಕ್ರಮವನ್ನು ತಿದ್ದುವುದೇ ನರ್ಸಿಂಗ್ ಸಂಶೋಧನೆ.

1854ರಲ್ಲಿ ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ತೆರಳಿದ ಫ್ಲಾರೆನ್ಸ್ ನೈಟಿಂಗೇಲರು ಮುಂದೆ ಸಾವುಗಳ ಲೆಕ್ಕವನ್ನೇ ಆಧಾರವಾಗಿಟ್ಟು ಸುಧಾರಣೆಗೆ ವಾದಿಸಿದರು. ನಮ್ಮಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಹಯೋಗದಿಂದ ನರ್ಸಿಂಗ್ ಪಿಎಚ್.ಡಿ.ಗೆ ರಾಷ್ಟ್ರೀಯ ಒಕ್ಕೂಟವನ್ನು ರಚಿಸಿತು.

ಆದರೆ ಗ್ರಂಥಾಲಯವೊಂದೇ ಇಂತಹ ವಿದ್ವಾಂಸರನ್ನು ಸಿದ್ಧಗೊಳಿಸಲಾರದು. ಮಹಾಪ್ರಬಂಧ ಬರೆಯುವಾಗಲೂ ಅವರು ವಾರ್ಡಿನ ಕೆಲಸ ಬಿಡಬಾರದು; ಅನುಭವಿ ಶುಶ್ರೂಷಕಿಯರೊಡನೆ ಕುಳಿತು ಪ್ರಶ್ನೆಯನ್ನು ಆಯಬೇಕು; ಫಲಿತವನ್ನು ಮರಳಿ ರೋಗಿಯ ಬಳಿಯೇ ಒರೆಗೆ ಹಚ್ಚಬೇಕು.

ಗಡಿಯ ಕನ್ನಡ ಶಾಲೆಯ ಮಗು ಬಿ.ಎಸ್ಸಿ., ಎಂ.ಎಸ್ಸಿ. ನರ್ಸಿಂಗ್ ದಾಟಿ ಈ ಮೆಟ್ಟಿಲೇರಿದಾಗ ಮನೆಮಾತು ಹೊರೆಯಾಗದು. ಉರಿಯನ್ನೂ ಚಳುಕನ್ನೂ ಬೇರೆಬೇರೆಯಾಗಿಯೇ ದಾಖಲಿಸುವ ಉಪಕರಣವಾದೀತು. ಪಾಲಕರು ಇದನ್ನು ಮನಗಂಡು, ಹೆಣ್ಣು ಗಂಡೆನ್ನದೆ ಮಕ್ಕಳನ್ನು ಈ ವಿದ್ಯೆಗೆ ಹಚ್ಚಲಿ.