ಪಾಲು ಕೇಳದ ಮಕ್ಕಳು

ಕರೆಂಟು ಬಂದು ಹೋಗಿ ಆಟ ಆಡಿಸುತ್ತಿದ್ದ ಬೇಸಿಗೆ ರಾತ್ರಿ, ಸೋದರಳಿಯ ‘ಮಾಮ, ನಕ್ಕು ನಕ್ಕು ಸುಸ್ತಾಗ್ತೀಯ’ ಅಂತ ‘ಸ್ಟೆಪ್ ಬ್ರದರ್ಸ್’ ಹಾಕಿಕೊಟ್ಟ. 2008ರ ಹಾಲಿವುಡ್ ಚಿತ್ರ. ವಿಲ್ ಫೆರೆಲ್ 39ರ ಮಗ, ಅಮ್ಮನ ಮನೆಯಲ್ಲಿದ್ದಾನೆ. ಜಾನ್ ಸಿ. ರೈಲಿ 40ರ ಮಗ, ಅಪ್ಪನ ಮನೆಯಲ್ಲಿದ್ದಾನೆ. ಆ ಅಮ್ಮನೂ ಈ ಅಪ್ಪನೂ ಮದುವೆಯಾಗಿ, ಎರಡೂ ಗೂಳಿಗಳು ಒಂದೇ ಕೊಟ್ಟಿಗೆಗೆ ಬೀಳುತ್ತವೆ. ಸುಸ್ತಾಯಿತು ನಿಜ, ನಕ್ಕಲ್ಲ.

ವಯಸ್ಸಿಗೆ ಬಂದ ಮಗ ಮನೆಯಲ್ಲಿದ್ದಾನೆ ಅಂದರೆ ನಮ್ಮ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಯಾರು ನಗುತ್ತಾರೆ? ಜೀನ್ಸ್ ಹೊಲಿಯುವ ಮಷಿನ್ನಿನ ಸದ್ದಿಗಿಂತ ಜೋರಾಗಿ, ಮೀಸೆ ನರೆತ ಮಗನನ್ನು ತಾಯಿ ಊಟಕ್ಕೆ ಕೂಗುವ ಓಣಿಗಳು ನಮ್ಮವು.

ನಮ್ಮ ಚಿಕ್ಕಪ್ಪನೇ ಇದ್ದನಲ್ಲ! ಕೆಲಸ ಅಂತ ಅವನ ಕೈ ಹಿಡಿದದ್ದು ಕೇರಂ ಸ್ಟ್ರೈಕರ್ ಒಂದನ್ನೇ. ಬೋರ್ಡಿಗೆ ಪೌಡರ್ ಉದುರಿಸಿ ಅಂಗೈಯಲ್ಲಿ ಸವರುವನು, ಹರಿದ ಮೂಲೆಯ ಬಲೆಗೆ ಅಜ್ಜಿಯ ಸೂಜಿ-ದಾರ ತಂದು ಹೊಲಿಗೆ ಹಾಕುವನು. ಮಕ್ಕಳು ಮುಟ್ಟುವಂತಿಲ್ಲ. ಚಿತ್ರದಲ್ಲಿ ರೈಲಿಯ ಡ್ರಮ್ ಸೆಟ್ಟಿಗೆ ಇರುವ ಮಡಿ ಆ ಬೋರ್ಡಿಗೂ ಇತ್ತು. ಸಂಜೆ ಒಗ್ಗರಣೆ-ಮಿರ್ಚಿ ಕೂತಲ್ಲಿಗೇ ಬರಬೇಕು. ತಾತ ರೇಗಿ ‘ಮನೆ ಬಿಟ್ಟು ನಡಿಯಲೇ’ ಅಂದರೆ, ಇವನು ಕಾಯಿನ್ನಿನ ಮೇಲಿಟ್ಟ ಕಣ್ಣು ತೆಗೆಯದೆ ‘ಪಾಲು ಕೊಡಪ್ಪ, ಹೋಗ್ತೀನಿ’ ಅನ್ನುವನು. ತಾತನ ಬಾಯಿ ಅಲ್ಲಿಗೆ ಬಂದ್.

ಚಿಕ್ಕಪ್ಪನಿಗೆ ಆ ಧೈರ್ಯ ಕೊಟ್ಟವನು ವಿಜ್ಞಾನೇಶ್ವರ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ನಮ್ಮ ಕುರುಗೋಡಿನ ಸಿಂದರು ಯಾವ ಚಾಲುಕ್ಯರಿಗೆ ಸಾಮಂತರಾಗಿದ್ದರೋ ಅವರ ರಾಜಧಾನಿಯಲ್ಲೇ ಕೂತು, ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಬರೆದ. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂದ. ದುಡಿಯಬೇಕು, ಬುದ್ಧಿ ಬರಬೇಕು ಎಂಬ ಷರತ್ತಿಲ್ಲ, ಹುಟ್ಟಿದರೆ ಸಾಕು. (ಹೆಣ್ಣುಮಕ್ಕಳಿಗೆ ಈ ಹಕ್ಕು ದೇಶದಲ್ಲೆಲ್ಲ ದಕ್ಕಲು 2005 ಬರಬೇಕಾಯಿತು.) ಬಂಗಾಳದ ಜೀಮೂತವಾಹನ ಬಿಗಿ ಮನುಷ್ಯ. ಅವನ ದಾಯಭಾಗದಲ್ಲಿ ಅಪ್ಪ ಬದುಕಿರುವ ತನಕ ಮಗನಿಗೆ ಏನೂ ಇರಲಿಲ್ಲ. ಚಿಕ್ಕಪ್ಪ ಅಲ್ಲಿ ಹುಟ್ಟಿದ್ದರೆ ಗುಮಾಸ್ತನಾದರೂ ಆಗುತ್ತಿದ್ದ. ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು, ಆದರೆ ಅಲ್ಲಿನ ಕೋರ್ಟುಗಳೂ ಮಿತಾಕ್ಷರವನ್ನೇ ಹಿಡಿದಿದ್ದವು.

ಇನ್ನೊಂದು ಸ್ವಾರಸ್ಯವಿದೆ. ಮನೆಯ ದುಡ್ಡಿನಲ್ಲಿ ವಿಶೇಷ ವಿದ್ಯೆ ಕಲಿತವನ ಗಳಿಕೆಯಲ್ಲಿ ಮನೆಯಲ್ಲೇ ಉಳಿದ ಅಣ್ಣತಮ್ಮಂದಿರೂ ಪಾಲು ಕೇಳಬಹುದಿತ್ತು. ಅದಕ್ಕೆ ತಡೆ ಹಾಕಲು 1930ರಲ್ಲಿ ಒಂದು ಕಾಯ್ದೆಯನ್ನೇ ತರಬೇಕಾಯಿತು. ಫೆರೆಲ್‌ನ ಪಾತ್ರಕ್ಕೆ ಚಿತ್ರದಲ್ಲಿ ಡೆರೆಕ್ ಎಂಬ ತಮ್ಮನಿದ್ದಾನೆ. ಕೈತುಂಬ ಕಾಸು, ಮೈತುಂಬ ಕೊಬ್ಬು. ನಮ್ಮ ಕಡೆ ಹುಟ್ಟಿದ್ದರೆ, ಆ ಕಾಯ್ದೆಗೆ ಮುಂಚೆ, ಅವನ ಮೇಲೆ ಚೆನ್ನಾಗಿ ಒಂದು ದಾವಾ ಹೂಡಬಹುದಿತ್ತು.

ನಿರ್ದೇಶಕ ಆ್ಯಡಮ್ ಮೆಕೇ ಕೈತಪ್ಪಿಸಿಕೊಂಡದ್ದು ಇದನ್ನೇ. ಮುದಿ ಗಂಡಹೆಂಡಿರು ಮನೆ ಮಾರಿ ದೋಣಿಯಲ್ಲಿ ಲೋಕ ಸುತ್ತುತ್ತೇವೆ ಅನ್ನುತ್ತಾರೆ. ಮಕ್ಕಳು ಅಳುತ್ತಾರೆ, ಕಿತ್ತಾಡುತ್ತಾರೆ, ಪಾಲು ಮಾತ್ರ ಕೇಳುವುದಿಲ್ಲ. ಪಿತ್ರಾರ್ಜಿತವಾಗಿದ್ದರೆ ನಮ್ಮಲ್ಲಿ ಮಕ್ಕಳ ರುಜು ಇಲ್ಲದೆ ಆ ಮನೆ ಕೊಳ್ಳಲು ಯಾವ ಗಿರಾಕಿ ಬರುತ್ತಾನೆ? ಲೆಕ್ಕಾಚಾರವಿಲ್ಲದ ಸೋಮಾರಿತನ ಬರೀ ಚೇಷ್ಟೆ. ಚೇಷ್ಟೆ ಒಂದೂಮುಕ್ಕಾಲು ಗಂಟೆ ಎಳೆದರೆ ಆಕಳಿಕೆ ಬರುತ್ತದೆ. ನೋಡಲೇಬೇಕೆಂದಿದ್ದರೆ ಇಬ್ಬರೂ ಮಂಚದ ಮೇಲೆ ಮಂಚ ಪೇರಿಸಿ ಅದು ಕುಸಿದು ಬೀಳುವ ತನಕ ನೋಡಿ, ಆಮೇಲೆ ಮಲಗಿ.